ತೊಗರಿ ಲೆಕ್ಕದ ಪ್ರೋಗ್ರಾಂ: ಹಣವನ್ನು ಇಡುವ ಬಗೆ

ಕಲಬುರಗಿಯ ಎಪಿಎಂಸಿಯಲ್ಲಿ ತೊಗರಿ ಮಾರಾಟದ ಲೆಕ್ಕಕ್ಕೆ ಪ್ರೋಗ್ರಾಂ ಬರೆಯುವವರು ಪ್ರೋಗ್ರಾಮಿಂಗ್ ಭಾಷೆಗಿಂತ ಮೊದಲು ಹಣವನ್ನು ಯಾವ ರೂಪದಲ್ಲಿ ಇಡಬೇಕೆಂಬುದನ್ನು ನಿರ್ಧರಿಸಬೇಕು. ಪೈಥಾನ್ ಆಗಲಿ, ಜಾವಾಸ್ಕ್ರಿಪ್ಟ್ ಆಗಲಿ, ದಶಮಾಂಶಗಳನ್ನು ಸಾಮಾನ್ಯವಾಗಿ ದ್ವಿಮಾನದ ಫ್ಲೋಟ್ ಆಗಿ, ಅಂದರೆ 0 ಮತ್ತು 1 ಅಂಕಿಗಳಲ್ಲಿ ಬರೆದ ಸಮೀಪದ ಬೆಲೆಯಾಗಿ, ಉಳಿಸುವುದರಿಂದ, 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂಬ ಉತ್ತರ ಬರುತ್ತದೆ. ಆದ್ದರಿಂದ ರೂಪಾಯಿಯನ್ನು ಪೈಸೆಗೆ, ಕ್ವಿಂಟಲ್ ತೂಕವನ್ನು ಗ್ರಾಂಗೆ ಬದಲಿಸಿ ಪೂರ್ಣಾಂಕಗಳಲ್ಲಿಯೇ ಗುಣಿಸಿರಿ. ಗ್ರಾಂನಿಂದ ಮತ್ತೆ ಕ್ವಿಂಟಲ್‌ಗೆ ತರುವ ಭಾಗಾಕಾರವನ್ನು ಕೊನೆಗೊಮ್ಮೆ ಮಾತ್ರ ಮಾಡಿ, ಉಳಿದ ಚಿಲ್ಲರೆಯನ್ನು ಸರಿಹೊಂದಿಸುವ ನಿಯಮವನ್ನು ಒಂದೇ ಫಂಕ್ಷನ್‌ನಲ್ಲಿ ಬರೆಯಿರಿ. ದಶಮಾಂಶಗಳನ್ನು ದಶಮಾನದಲ್ಲಿಯೇ ಇಡುವ ಪೈಥಾನ್‌ನ ಡೆಸಿಮಲ್ ಮಾಡ್ಯೂಲ್ ಕೂಡ ನಡೆಯುತ್ತದೆ, ಆದರೆ ಅದಕ್ಕೆ ಮೌಲ್ಯವನ್ನು ಫ್ಲೋಟ್ ಆಗಿ ಕೊಡದೆ ಸ್ಟ್ರಿಂಗ್ ಆಗಿಯೇ (ಉದ್ಧರಣ ಚಿಹ್ನೆಯೊಳಗಿನ ಅಕ್ಷರಗಳಾಗಿ) ಕೊಡಬೇಕು. ವೇರಿಯಬಲ್‌ಗೆ ‘ಹಮಾಲಿ_ಪೈಸೆ’ ಎಂಬಂತೆ ಅಳತೆಯ ಮಾನವೂ ಕಾಣುವ ಹೆಸರಿಡಿ. ಪೈಥಾನ್ 3 ಕನ್ನಡ ಅಕ್ಷರಗಳನ್ನು ಒಪ್ಪುತ್ತದೆಯಾದರೂ, ಹಲವರು ಕೂಡಿ ಬರೆಯುವ ಕೋಡ್‌ಗೆ ಇಂಗ್ಲಿಷ್ ಲಿಪಿಯೇ ಅನುಕೂಲವೆಂಬುದು ನನ್ನ ಮತ.