ಅರ್ಧ ಮಾತ್ರ ಕೊಂಡ ಧಾರಾವಾಹಿಗಳು: ಸಬ್‌ಟೈಟಲ್ ಮೇಜಿನಿಂದ ನನ್ನ ಅನುಭವ

ಜಪಾನಿನ ಸೂಪರ್‌ಹೀರೋ ಧಾರಾವಾಹಿಗಳಲ್ಲಿ ಅಮೆರಿಕದ ವಾಹಿನಿಗಳಿಗೆ ಬಹುಕಾಲ ಬೇಕಾಗಿದ್ದದ್ದು ಅರ್ಧ ಮಾತ್ರ. ಮುಖವಾಡ ಹಾಕಿಕೊಂಡು ಹೊಡೆದಾಡುವ ಭಾಗ ಬೇಕಿತ್ತು; ಮುಖವಾಡ ತೆಗೆದ ಮೇಲೆ ಕಾಣುವ ಜಪಾನೀ ನಟರು ಬೇಡವಾಗಿದ್ದರು. ಲಾಸ್ ಏಂಜಲೀಸ್‌ನಲ್ಲಿ ಹಳೆಯ ಧಾರಾವಾಹಿಗಳನ್ನು ಡಿಸ್ಕ್ ರೂಪದಲ್ಲಿ ಹೊರತರುವ ಸಣ್ಣ ಸಂಸ್ಥೆಯೊಂದರಲ್ಲಿ ನಾನು ಸಬ್‌ಟೈಟಲ್ ಕೆಲಸ ನೋಡಿಕೊಳ್ಳುತ್ತೇನೆ. ಬಿಟ್ಟುಹೋದ ಆ ಇನ್ನರ್ಧವನ್ನು ತರುವುದೇ ನನ್ನ ಕೆಲಸ ಎಂದುಕೊಂಡು ದುಡಿದಿದ್ದೇನೆ.

ಅರ್ಧವನ್ನು ಮಾತ್ರ ಕೊಂಡದ್ದಕ್ಕೆ ಕಾರಣವಿಲ್ಲದೆ ಇರಲಿಲ್ಲ. 1980ರ ದಶಕದಲ್ಲಿ ಮಾರ್ವೆಲ್ ಕಾಮಿಕ್ಸ್‌ನ ಸ್ಟ್ಯಾನ್ ಲೀ ಮತ್ತು ಟಿವಿ ಅಧಿಕಾರಿ ಮಾರ್ಗರೆಟ್ ಲೋಶ್ ಜಪಾನಿನ ‘ಸನ್ ವಲ್ಕನ್’ ಧಾರಾವಾಹಿಯನ್ನು ಹಿಡಿದುಕೊಂಡು ಅಮೆರಿಕದ ವಾಹಿನಿಗಳ ಬಾಗಿಲು ತಟ್ಟಿದರು, ಯಾರೂ ಕೊಳ್ಳಲಿಲ್ಲ. ನಿರ್ಮಾಪಕ ಹೈಮ್ ಸಬಾನ್ 1986ರಲ್ಲಿ ಅಂಥದೇ ‘ಬಯೋಮ್ಯಾನ್’ ಧಾರಾವಾಹಿ ಆಧರಿಸಿ ಮಾದರಿ ಸಂಚಿಕೆಯೊಂದನ್ನು ಮಾಡಿಸಿ ವರ್ಷಗಟ್ಟಲೆ ಅಲೆದರು. ಕೊನೆಗೆ ಒಪ್ಪಿದವರು ಅಷ್ಟು ಹೊತ್ತಿಗೆ ಫಾಕ್ಸ್ ವಾಹಿನಿಯ ಮಕ್ಕಳ ವಿಭಾಗವಾದ ಫಾಕ್ಸ್ ಕಿಡ್ಸ್‌ನ ಮುಖ್ಯಸ್ಥರಾಗಿದ್ದ ಅದೇ ಲೋಶ್. 1993ರ ಆಗಸ್ಟ್ 28ರಂದು ‘ಮೈಟಿ ಮಾರ್ಫಿನ್ ಪವರ್ ರೇಂಜರ್ಸ್’ ಆರಂಭವಾಯಿತು. ದೈತ್ಯ ರೋಬೋಟು, ರಾಕ್ಷಸರು, ಕಾದಾಟದ ಬಹುಪಾಲು ಜಪಾನಿನ ತೋಯೇ ಸಂಸ್ಥೆಯ 1992ರ ‘ಜ್ಯೂರೇಂಜರ್’ ಧಾರಾವಾಹಿಯಿಂದ ಬಂದದ್ದು, ಶಾಲೆ, ಗೆಳೆತನ, ಮಾತುಕತೆ ಎಲ್ಲವೂ ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಚಿತ್ರೀಕರಿಸಿದ್ದು. ಹಳದಿ ವೇಷದ ಯೋಧ ಅಲ್ಲಿ ಹುಡುಗ, ಇಲ್ಲಿ ಹುಡುಗಿ. ಗುಲಾಬಿ ವೇಷಕ್ಕಿರುವ ಪುಟ್ಟ ಲಂಗ ಹಳದಿ ವೇಷಕ್ಕೆ ಇಲ್ಲದಿರುವುದು ಅದಕ್ಕೇ.

ಈ ಜಾಣತನವನ್ನು ನಾನು ಮೆಚ್ಚುತ್ತೇನೆ. ದುಬಾರಿ ದೃಶ್ಯಗಳು ಸಿದ್ಧವಾಗಿ ಸಿಕ್ಕವು, ಅಮೆರಿಕದ ಮಕ್ಕಳಿಗೆ ತಮ್ಮಂಥವರೇ ತೆರೆಯ ಮೇಲೆ ಕಂಡರು. ಆ ಯಶಸ್ಸು ಇಲ್ಲದಿದ್ದರೆ ಇಂದು ನಮ್ಮ ಡಿಸ್ಕ್ ಕೊಳ್ಳುವವರೂ ಇರುತ್ತಿರಲಿಲ್ಲ. ಆದರೆ ಕಳೆದುಕೊಂಡದ್ದೇನು ಎಂಬುದು ಹಸಿರು ಯೋಧನ ಕಥೆಯಲ್ಲಿ ಚೆನ್ನಾಗಿ ಕಾಣುತ್ತದೆ. ‘ಜ್ಯೂರೇಂಜರ್’ನಲ್ಲಿ ಅವನ ಹೆಸರು ಬುರಾಯ್, ಕೆಂಪು ಯೋಧ ಗೆಕಿಯ ಅಣ್ಣ. ಅವನ ಆಯುಷ್ಯ ಉರಿಯುವ ಹಸಿರು ಮೇಣದಬತ್ತಿಯಂತೆ ಕರಗುತ್ತಿರುತ್ತದೆ; 42ನೇ ಸಂಚಿಕೆಯಲ್ಲಿ ಅವನು ಸಾಯುತ್ತಾನೆ. ಅಮೆರಿಕದಲ್ಲಿ ಅವನು ಟಾಮಿಯಾದ. ಮಕ್ಕಳು ಅವನನ್ನು ಎಷ್ಟು ಹಚ್ಚಿಕೊಂಡರೆಂದರೆ ಸಾಯಿಸುವಂತೆಯೇ ಇರಲಿಲ್ಲ. ಮೇಣದಬತ್ತಿ ಉಳಿಯಿತು, ಆದರೆ ಅದು ಆರಿದಾಗ ಹೋದದ್ದು ಪ್ರಾಣವಲ್ಲ, ಶಕ್ತಿ. ಮುಂದೆ ಟಾಮಿ ಬಿಳಿ ಯೋಧನಾಗಿ ಮರಳಿದ. ಆ ಬಿಳಿ ವೇಷ ‘ಡೈರೇಂಜರ್’ ಎಂಬ ಬೇರೆಯೇ ಧಾರಾವಾಹಿಯದು; ಅಲ್ಲಿ ಅದನ್ನು ಧರಿಸುವವನು ಪುಟ್ಟ ಹುಡುಗ. ಅಣ್ಣ ತಮ್ಮಂದಿರ ಹಗೆ, ರಾಜಿ, ಸಾವು ಇವು ಯಾವುವೂ ಸಾಗರ ದಾಟಲಿಲ್ಲ. 2015ರಲ್ಲಿ ‘ಜ್ಯೂರೇಂಜರ್’ ಸಬ್‌ಟೈಟಲ್ ಸಹಿತ ಅಮೆರಿಕದಲ್ಲಿ ಡಿವಿಡಿಯಾಗಿ ಬಂದಾಗಲೇ ಇಲ್ಲಿನ ಅಂಗಡಿಯಲ್ಲಿ ಬುರಾಯ್ ಸಿಕ್ಕಿದ್ದು.

ನಮ್ಮ ಪಾಲಿಗೆ ಬಂದದ್ದು 1970ರ ದಶಕದ ಒಂದು ಧಾರಾವಾಹಿ. ಡಬ್ಬಿಂಗ್ ಮಾಡಿ ಎಂದು ಮಾರಾಟದವರು ಪಟ್ಟು ಹಿಡಿದರು. ಆಗಲಿಲ್ಲ, ಏಕೆಂದರೆ ಸಂಗೀತ ಮತ್ತು ಶಬ್ದ ಪರಿಣಾಮಗಳ ಪ್ರತ್ಯೇಕ ಧ್ವನಿಪಟ್ಟಿ ನಮಗೆ ಸಿಗಲೇ ಇಲ್ಲ. ಮಾತು, ಹಾಡು, ಸ್ಫೋಟ ಎಲ್ಲ ಒಂದೇ ಪಟ್ಟಿಯಲ್ಲಿ ಬೆರೆತಿದ್ದವು. ಮಾತು ಅಳಿಸಿದರೆ ಸಂಗೀತವೂ ಹೋಗುತ್ತದೆ. ಚಿತ್ರಕಥೆಯ ಪ್ರತಿಯೂ ಬಂದಿರಲಿಲ್ಲ. ನಮ್ಮ ಅನುವಾದಕಿ ಟೋಕಿಯೊದಲ್ಲಿ ಬೆಳೆದ ಹಿರಿಯರು. ಮೋಟಾರ್‌ಸೈಕಲ್ ಸದ್ದಿನ ನಡುವೆ ಖಳನಾಯಕ ಕೂಗುವ ಆಯುಧದ ಹೆಸರನ್ನು ಮತ್ತೆ ಮತ್ತೆ ಕೇಳಿ ಬರೆದುಕೊಳ್ಳುತ್ತಿದ್ದರು. ಸಂದೇಹ ಬಂದರೆ ಆ ಕಾಲದ ಮಕ್ಕಳ ಪತ್ರಿಕೆಗಳನ್ನು ತರಿಸಿ ನೋಡುತ್ತಿದ್ದರು. ಅವರ ತಾಳ್ಮೆ ಇಲ್ಲದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ.

ಹಕ್ಕಿನ ತಲೆನೋವು ಬೇರೆ. ಚಿತ್ರದ ಹಕ್ಕು ಸಿಕ್ಕರೆ ಹಾಡಿನ ಹಕ್ಕು ಸಿಕ್ಕಂತಲ್ಲ. ಹಾಡು ಬರೆದವರು, ರಾಗ ಹಾಕಿದವರು, ಧ್ವನಿಮುದ್ರಿಕೆ ಕಂಪನಿ ಹೀಗೆ ಎಲ್ಲರ ಒಪ್ಪಿಗೆ ಬೇಕು. ಕೆಲವೊಂದು ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಋತು ಬದಲಾಗಿರುತ್ತಿತ್ತು.

ನನಗೆ ಅತಿ ಪ್ರಿಯವಾದ, ಅತಿ ಕಷ್ಟವಾದ ಜಾಗ ಎಂದರೆ ಹೆಸರು ಕೂಗುವ ದೃಶ್ಯ. 1975ರ ‘ಗೋರೇಂಜರ್’ ಧಾರಾವಾಹಿಯಿಂದ ಬಂದ ಸಂಪ್ರದಾಯ ಅದು: ಐವರೂ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಭಂಗಿ ಹಿಡಿದು ತಮ್ಮ ಹೆಸರು ಕೂಗುತ್ತಾರೆ. ಒಂದೊಂದು ಕೂಗೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಐದು ಹೆಸರುಗಳನ್ನು ಎರಡು ಸಾಲಿನಲ್ಲಿ ಒಟ್ಟಿಗೆ ಹಾಕಿದರೆ ಓದಲು ಸುಲಭ, ಆದರೆ ಐದನೆಯವನು ಬಾಯಿ ತೆರೆಯುವ ಮೊದಲೇ ಪ್ರೇಕ್ಷಕನಿಗೆ ಅವನ ಹೆಸರು ಗೊತ್ತಾಗಿಬಿಡುತ್ತದೆ. ಆದ್ದರಿಂದ ಪ್ರತಿ ಹೆಸರನ್ನೂ ಬೇರೆ ಬೇರೆಯಾಗಿ, ಕೂಗು ಹೊರಡುವ ಫ್ರೇಮಿನಲ್ಲೇ ಮೂಡಿಸಿ, ಶಾಟ್ ಬದಲಾಗುವ ಹೊತ್ತಿಗೆ ಅಳಿಸುತ್ತೇನೆ. ಒಂದೆರಡು ಫ್ರೇಮ್ ಆಚೀಚೆಯಾದರೂ ಕಣ್ಣಿಗೆ ಚುಚ್ಚುತ್ತದೆ. ಶೀರ್ಷಿಕೆ ಗೀತೆಯಲ್ಲಿ ಇನ್ನೊಂದು ಪೇಚು: ಜಪಾನಿನ ಮಕ್ಕಳು ಜೊತೆಗೆ ಹಾಡಲೆಂದು ಸಾಹಿತ್ಯವನ್ನು ಪರದೆಯ ಕೆಳಗೆ ಆಗಲೇ ಮುದ್ರಿಸಿರುತ್ತಾರೆ. ಇಂಗ್ಲಿಷ್ ಸಾಲನ್ನು ಮೇಲಕ್ಕೆ ಒಯ್ಯಬೇಕು, ಅಲ್ಲಿ ನಾಯಕನ ಮುಖ ಇದ್ದರೆ ಮತ್ತೆ ಪಕ್ಕಕ್ಕೆ. ಮುಖ ಮುಚ್ಚುವ ಸಾಲನ್ನು ನಾನು ಒಪ್ಪುವುದೇ ಇಲ್ಲ.

“ಮಕ್ಕಳು ಸಬ್‌ಟೈಟಲ್ ಓದುವುದಿಲ್ಲ” ಎಂಬ ಮಾತನ್ನು ಪ್ರತಿ ಸಭೆಯಲ್ಲೂ ಕೇಳಿದ್ದೇನೆ. ಅದಕ್ಕೆ ಉತ್ತರ ಹವಾಯಿ. 1974ರಲ್ಲಿ ಅಲ್ಲಿನ ಕಿಕು ವಾಹಿನಿ ‘ಕಿಕೈಡಾ’ ಎಂಬ ಸೂಪರ್‌ಹೀರೋ ಧಾರಾವಾಹಿಯನ್ನು ಜಪಾನೀ ಭಾಷೆಯಲ್ಲೇ, ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಪ್ರಸಾರ ಮಾಡಿತು. ಗಿಟಾರ್ ಹೊತ್ತ ನಾಯಕ ಜಿರೋನ ಮುಖ ಹಾಗೆಯೇ ಉಳಿಯಿತು, ದ್ವೀಪದ ಮಕ್ಕಳು ಹುಚ್ಚೆದ್ದು ನೋಡಿದರು. ಅಲ್ಲಿ ಜಪಾನೀ ಮೂಲದವರು ಬಹಳ ಮಂದಿ ಇದ್ದರು, ನಿಜ. ಹಾಗಾದರೆ ಕರ್ನಾಟಕದಲ್ಲಿ? ತೋಯೇಯ 1967ರ ‘ಜಯಂಟ್ ರೋಬೋ’ ಅಮೆರಿಕಕ್ಕೆಂದು ಡಬ್ ಆದಾಗ ಬಾಲಕ ದೈಸಾಕು ‘ಜಾನಿ ಸೊಕ್ಕೊ’ ಆದ, ಆದರೆ ನಟ ಬದಲಾಗಲಿಲ್ಲ. ಆ ಪ್ರತಿಯೇ 1980ರ ದಶಕದಲ್ಲಿ ದೂರದರ್ಶನಕ್ಕೆ ಬಂತು. ನಮ್ಮ ಓಣಿಯ ಮಕ್ಕಳಲ್ಲಿ ಬಹುತೇಕರಿಗೆ ಆ ಇಂಗ್ಲಿಷ್ ಅರ್ಧಂಬರ್ಧ ಅರ್ಥವಾಗುತ್ತಿತ್ತು, ಜಪಾನ್ ಎಲ್ಲಿದೆಯೆಂದೂ ಗೊತ್ತಿರಲಿಲ್ಲ. ಆದರೂ ಕೊನೆಯಲ್ಲಿ ರೋಬೋಟು ಖಳನಾಯಕ ಗಿಲೊಟಿನ್ ಚಕ್ರವರ್ತಿಯನ್ನು ಹೊತ್ತು ಆಕಾಶಕ್ಕೆ ಹಾರಿ ಸಿಡಿದುಹೋದಾಗ, ಕೆಳಗೆ ನಿಂತು ಅದನ್ನು ಕರೆಯುವ ಹುಡುಗನ ಮುಖ ನೋಡಿ ಎಲ್ಲರೂ ಅತ್ತರು. ಇದನ್ನು ಸಭೆಯಲ್ಲಿ ಹೇಳಿದಾಗ ಮಾರಾಟದವರು ವಾದ ಮುಂದುವರಿಸಲಿಲ್ಲ.

ಡಿಸ್ಕ್ ಹೊರಬಂದ ಮೇಲೆ ಕೊಂಡವರಲ್ಲಿ ಹೆಚ್ಚಿನವರು 1993ರಲ್ಲಿ ಶನಿವಾರ ಬೆಳಿಗ್ಗೆ ಟಿವಿ ಮುಂದೆ ಕುಳಿತಿದ್ದವರು, ಈಗ ಸ್ವತಃ ತಂದೆ ತಾಯಿ. ಸಣ್ಣ ಮಕ್ಕಳಿಗೆ ಅವರೇ ಸಾಲುಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಾರಂತೆ. ಹಾಗಾಗಿ ಈಗ ಬಾಯಿಗೆ ಸಲೀಸಾಗುವಂತೆ ಬರೆಯುತ್ತೇನೆ. ನಾಲಿಗೆ ತೊಡರುವ ವಾಕ್ಯವನ್ನು ಅನುವಾದಕಿಯವರೇ ಹೊಡೆದುಹಾಕುತ್ತಾರೆ. ಮುಂದಿನ ಧಾರಾವಾಹಿಗೆ ಪ್ರತಿ ಸಂಚಿಕೆಯ ಕೊನೆಯ ಮುನ್ನೋಟಗಳನ್ನೂ ಸೇರಿಸಬೇಕೆಂದು ಹಕ್ಕುದಾರರನ್ನು ಕೇಳಿದ್ದೇವೆ. ಒಪ್ಪಿಗೆ ಬಂದಿದೆ, ಟೇಪುಗಳ ದಾರಿ ನೋಡುತ್ತಿದ್ದೇವೆ.