ಗೈರುಹಾಜರಿಯ ಲೆಕ್ಕ: 1927ರ ಐರ್ಲೆಂಡನ್ನು ಬರೆದ ನನ್ನ ಅನುಭವ

ಒಂದೊಂದು ದೇಶದ ಒಂದೊಂದು ವರ್ಷದ ಸಾರ್ವಜನಿಕ ಜೀವನವನ್ನು ಕನ್ನಡದಲ್ಲಿ ದಿನಾಂಕವಾರು ಬರೆದಿಡುವ ಕೆಲಸವನ್ನು ನಾವು ಕೆಲವು ಗೆಳೆಯರು ಹಂಚಿಕೊಂಡಾಗ ನನ್ನ ಪಾಲಿಗೆ ಬಂದದ್ದು 1927ರ ಐರ್ಲೆಂಡ್. ಮೊದಲ ಕರಡಿನಲ್ಲಿಯೇ ನಾನು ಎರಡು ತಪ್ಪು ಮಾಡಿದ್ದೆ. ದೇಶವನ್ನು ಗಣರಾಜ್ಯವೆಂದು ಕರೆದಿದ್ದೆ. ಸರ್ಕಾರದ ಮುಖ್ಯಸ್ಥರಾದ ಡಬ್ಲ್ಯು. ಟಿ. ಕಾಸ್‌ಗ್ರೇವ್ ಅವರನ್ನು ಪ್ರಧಾನಿ ಎಂದಿದ್ದೆ. ಐರ್ಲೆಂಡ್ ಗಣರಾಜ್ಯವಾದದ್ದು 1949ರಲ್ಲಿ. 1927ರಲ್ಲಿ ಅದು ಐದು ವರ್ಷದ ಕೂಸಾದ ಸ್ವತಂತ್ರ ರಾಜ್ಯ, ಬ್ರಿಟಿಷ್ ದೊರೆಯ ಹೆಸರನ್ನು ಶಾಸಕರ ಪ್ರಮಾಣವಚನದಲ್ಲಿ ಇನ್ನೂ ಉಳಿಸಿಕೊಂಡಿದ್ದ ಡೊಮಿನಿಯನ್, ಎಂದರೆ ಸಾಮ್ರಾಜ್ಯದೊಳಗಿನ ಸ್ವಯಮಾಡಳಿತದ ನಾಡು. ಕಾಸ್‌ಗ್ರೇವ್ ಅವರ ಹುದ್ದೆಯ ಹೆಸರು ಕಾರ್ಯಕಾರಿ ಮಂಡಳಿಯ ಅಧ್ಯಕ್ಷ. ಇವನ್ನು ತಿದ್ದಿಕೊಳ್ಳುವುದು ಕಷ್ಟವಾಗಲಿಲ್ಲ. ನಾನು ತಡವರಿಸಿ ನಿಂತದ್ದು ಆಗಸ್ಟ್ 16ರ ಒಂದೇ ಒಂದು ಸಾಲಿನ ಮುಂದೆ.

ಅಂದು ಕೆಳಮನೆಯಾದ ಡಾಯ್ಲ್‌ನಲ್ಲಿ ಲೇಬರ್ ನಾಯಕ ಥಾಮಸ್ ಜಾನ್ಸನ್ ಅವರ ಅವಿಶ್ವಾಸ ನಿರ್ಣಯಕ್ಕೆ ಪರವಾಗಿ 71, ವಿರುದ್ಧವಾಗಿ 71 ಮತ ಬಿದ್ದವು. ಸಭಾಧ್ಯಕ್ಷ ಮೈಕೆಲ್ ಹೇಯ್ಸ್ ತಮ್ಮ ನಿರ್ಣಾಯಕ ಮತವನ್ನು ನಿರ್ಣಯದ ವಿರುದ್ಧ ಹಾಕಿದ್ದರಿಂದ ಸರ್ಕಾರ ಉಳಿಯಿತು. ಆದರೆ ಸದನದ ಸ್ಥಾನಗಳು 153, ಬಿದ್ದ ಮತಗಳು 142. ಉಳಿದ ಹನ್ನೊಂದು ಎಲ್ಲಿ ಹೋದವೆಂದು ತಿಳಿಯದೆ ಆ ಸಾಲನ್ನು ಬರೆಯಲು ನನಗೆ ಮನಸ್ಸು ಬರಲಿಲ್ಲ.

ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ? ಪೇಟೆಗೆ ಹೋಗಿ ಶಾಲೆಯ ಹಾಜರಿ ಪುಸ್ತಕವೊಂದನ್ನು ಕೊಂಡು ತಂದೆ. ಜೂನ್ 9ರ ಚುನಾವಣೆಯಲ್ಲಿ ಗೆದ್ದವರನ್ನು ಪಕ್ಷವಾರು ಅದರಲ್ಲಿ ಇಳಿಸಿದೆ: ಕಾಸ್‌ಗ್ರೇವ್ ಅವರ ಕುಮನ್ ನ ಗೇಲ್ 47, ಡಿ ವೆಲೆರಾ ಅವರ ಫಿಯಾನಾ ಫಾಯ್ಲ್ 44, ಲೇಬರ್ 22, ರೈತ ಪಕ್ಷ 11, ನ್ಯಾಷನಲ್ ಲೀಗ್ 8, ಶಿನ್ ಫೇನ್ 5, ಪಕ್ಷೇತರರು 16. ಸದನದ ಅಧಿಕೃತ ವರದಿಗಳು ದಿನವಾರು ಓದಲು ಸಿಗುತ್ತವೆ. ಮತವಿಭಜನೆಯಾದಾಗಲೆಲ್ಲ ಸದಸ್ಯರ ಹೆಸರುಗಳನ್ನು ‘ಟಾ’ ಮತ್ತು ‘ನೀಲ್’ ಎಂಬ ಎರಡು ಐರಿಷ್ ಪದಗಳ ಕೆಳಗೆ ಮುದ್ರಿಸಿರುತ್ತಾರೆ. ಆ ಪದಗಳಿಗೆ ನಮ್ಮ ‘ಇದೆ’, ‘ಇಲ್ಲ’ ಎಂಬುದೇ ಅರ್ಥವೆಂದು ತಿಳಿದಾಗ, ಹಾಜರಿ ಪುಸ್ತಕ ಹಿಡಿದು ಕುಳಿತಿದ್ದ ನನಗೆ ನಗು ಬಂದಿತು. ಆ ಪಟ್ಟಿಗಳಲ್ಲಿ ಇದ್ದವರನ್ನು ಗುರುತು ಹಾಕುವುದಕ್ಕಿಂತ ಇಲ್ಲದವರನ್ನು ಹುಡುಕುವುದರಲ್ಲಿಯೇ ನನ್ನ ಹೆಚ್ಚಿನ ಹೊತ್ತು ಹೋಯಿತು.

ಹನ್ನೊಂದರಲ್ಲಿ ಒಂದು ಸಭಾಧ್ಯಕ್ಷರದು. ಐದು ಶಿನ್ ಫೇನ್ ಪಕ್ಷದವು. ಅವರು ಈ ಸದನವನ್ನೇ ಒಪ್ಪದವರು, ಒಳಗೆ ಕಾಲಿಡಲಿಲ್ಲ. ಎರಡು ತೀರಿಹೋದವರವು, ಮತ್ತು ಈ ಎರಡರ ಮುಂದೆ ನಾನು ಬಹಳ ಹೊತ್ತು ಕುಳಿತೆ. ಜುಲೈ 10ರ ಭಾನುವಾರ, ಉಪಾಧ್ಯಕ್ಷರೂ ನ್ಯಾಯಖಾತೆಯ ಸಚಿವರೂ ಆಗಿದ್ದ ಮೂವತ್ತೈದರ ಕೆವಿನ್ ಓ’ಹಿಗಿನ್ಸ್, ಡಬ್ಲಿನ್ ಬಳಿಯ ಬೂಟರ್ಸ್‌ಟೌನ್‌ನಲ್ಲಿ ಪ್ರಾರ್ಥನೆಗೆ ನಡೆದು ಹೋಗುತ್ತಿದ್ದಾಗ ಗುಂಡೇಟಿಗೆ ಬಲಿಯಾದರು. ಐದೇ ದಿನಕ್ಕೆ, 1916ರ ದಂಗೆಯಲ್ಲಿ ಬಂದೂಕು ಹಿಡಿದು ಹೋರಾಡಿದ್ದ ಕಾನ್ಸ್ಟನ್ಸ್ ಮಾರ್ಕಿಯೆವಿಚ್ ಆಸ್ಪತ್ರೆಯೊಂದರ ಸಾರ್ವಜನಿಕ ವಾರ್ಡಿನಲ್ಲಿ ಕೊನೆಯುಸಿರೆಳೆದರು. ಬ್ರಿಟನ್ನಿನೊಡನೆ 1921ರಲ್ಲಾದ ಒಪ್ಪಂದದ ಪರ-ವಿರೋಧವಾಗಿ ನಡೆದ ಅಂತರ್ಯುದ್ಧದಲ್ಲಿ ಎದುರುಬದುರಾಗಿದ್ದ ಇಬ್ಬರನ್ನೂ ಒಂದೇ ವಾರದಲ್ಲಿ ಗ್ಲಾಸ್ನೆವಿನ್ ಸ್ಮಶಾನದಲ್ಲಿ ಮಣ್ಣುಮಾಡಲಾಯಿತು. ನನ್ನ ಪುಸ್ತಕದಲ್ಲಿ ಒಂದು ಗೆರೆ ಸರ್ಕಾರದ ಕಡೆಯಿಂದ, ಒಂದು ಗೆರೆ ಫಿಯಾನಾ ಫಾಯ್ಲ್ ಕಡೆಯಿಂದ ಅಳಿದು, ಲೆಕ್ಕ ಮಾತ್ರ ಸಮವಾಗಿಯೇ ಉಳಿಯಿತು.

ಓ’ಹಿಗಿನ್ಸ್ ಕೊಲೆಯಾಗದಿದ್ದರೆ ಆಗಸ್ಟ್ 16 ಬರುತ್ತಲೇ ಇರಲಿಲ್ಲವೆಂಬುದು ನನ್ನ ಅಂದಾಜು. 1923ರಲ್ಲಿ ಗೆದ್ದ ಒಪ್ಪಂದ ವಿರೋಧಿಗಳು, ಡಿ ವೆಲೆರಾ ಕಡೆಯವರು, ದೊರೆಯ ಹೆಸರಿನ ಪ್ರಮಾಣವನ್ನು ಒಪ್ಪದೆ ನಾಲ್ಕು ವರ್ಷ ಸದನದ ಹೊರಗೇ ಉಳಿದಿದ್ದರಿಂದ ಕಾಸ್‌ಗ್ರೇವ್ ಸಲೀಸಾಗಿ ಆಳಿದ್ದರು. ಕೊಲೆಯ ನಂತರ, ಪ್ರಮಾಣ ಸ್ವೀಕರಿಸುವೆನೆಂದು ಮೊದಲೇ ಒಪ್ಪದವರು ಉಮೇದುವಾರರೇ ಆಗಕೂಡದೆಂಬ ಮಸೂದೆಯನ್ನು ಅವರು ತಂದರು. ಬಾಗಿಲು ಶಾಶ್ವತವಾಗಿ ಮುಚ್ಚುವುದೆಂದು ಕಂಡ ಡಿ ವೆಲೆರಾ ಆಗಸ್ಟ್ ಎರಡನೆಯ ವಾರದಲ್ಲಿ ತಮ್ಮವರೊಡನೆ ಬಂದು, ಬೈಬಲನ್ನು ಪಕ್ಕಕ್ಕೆ ಸರಿಸಿ, ತಾವು ಪ್ರಮಾಣ ಮಾಡುತ್ತಿಲ್ಲ, ಬರಿಯ ಹೆಸರು ಬರೆಯುತ್ತಿದ್ದೇವೆ ಎಂದು ಹೇಳಿ ಸಹಿ ಹಾಕಿದರು. ಈ ಪ್ರಸಂಗವನ್ನು ಕುತಂತ್ರವೆಂದು ಒಮ್ಮೆ, ಮುತ್ಸದ್ದಿತನವೆಂದು ಇನ್ನೊಮ್ಮೆ ಬರೆದು, ಕೊನೆಗೆ ಎರಡೂ ಪದಗಳನ್ನು ಹೊಡೆದುಹಾಕಿ, ನಡೆದದ್ದನ್ನಷ್ಟೇ ಉಳಿಸಿದೆ.

ಇನ್ನು ಉಳಿದವರು ಮೂವರು. ಅವರಲ್ಲಿ ಎಲ್ಲರ ಬಾಯಿಗೆ ಬಿದ್ದವರು ಸ್ಲೈಗೊದ ಜಾನ್ ಜಿಂಕ್ಸ್. ಅವರ ನ್ಯಾಷನಲ್ ಲೀಗ್ ಲೇಬರ್ ಜೊತೆ ಸೇರಿ ಸರ್ಕಾರ ರಚಿಸಲು ಹೊರಟಿತ್ತು, ಡಿ ವೆಲೆರಾ ಹೊರಗಿನಿಂದ ಬೆಂಬಲಿಸುವವರಿದ್ದರು. ಮತದ ಹೊತ್ತಿಗೆ ಜಿಂಕ್ಸ್ ಇರಲಿಲ್ಲ. ಅವರಿಗೆ ಚೆನ್ನಾಗಿ ಕುಡಿಸಿ ಊರಿನ ರೈಲು ಹತ್ತಿಸಿದರೆಂಬ ಕಥೆ ಇಂದಿಗೂ ಓಡಾಡುತ್ತದೆ. ಜಿಂಕ್ಸ್ ಅದನ್ನು ಒಪ್ಪದೆ, ತಾವಾಗಿಯೇ ಎದ್ದು ಹೋದದ್ದೆಂದರು. ಕಥೆಯನ್ನು ಕಥೆಯೆಂದೇ ಬರೆದೆ. ಅವರ ಹೆಸರಿಟ್ಟ ಓಟದ ಕುದುರೆಯೊಂದು 1929ರಲ್ಲಿ ಇಂಗ್ಲೆಂಡಿನ ‘2000 ಗಿನಿ’ ಪಂದ್ಯ ಗೆದ್ದದ್ದನ್ನು ಬಿಡಲಾಗದೆ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದ್ದೇನೆ.

ಈ ಲೆಕ್ಕದ ಗುಂಗಿನಲ್ಲಿ ನಾನು ಬೇರೆ ಸಂಗತಿಗಳನ್ನು ಮರೆತೇಬಿಟ್ಟಿದ್ದೆ. ವಿದ್ಯುತ್ ಪೂರೈಕೆ ಮಂಡಳಿ ಸ್ಥಾಪನೆಯಾದದ್ದೂ ಸ್ವಂತ ಪೌಂಡಿಗೆ ಕಾನೂನು ಆದದ್ದೂ ಅದೇ ಆಗಸ್ಟಿನಲ್ಲಿ. ಅಕ್ಟೋಬರ್ 28ರ ರಾತ್ರಿ ಪಶ್ಚಿಮ ಕರಾವಳಿಯಲ್ಲಿ ಎದ್ದ ಬಿರುಗಾಳಿಗೆ ಸಿಕ್ಕಿ 45 ಮೀನುಗಾರರು ಮುಳುಗಿದರು, ಕ್ಲೆಗನ್ ಸುತ್ತಲಿನವರೇ ಹೆಚ್ಚು. ಗೆಳೆಯರೊಬ್ಬರು ಕರಡು ಓದಿ, ನಿನ್ನ ವರ್ಷದಲ್ಲಿ ಶಾಸಕರಲ್ಲದೆ ಬೇರೆಯವರು ಸಾಯಲಿಲ್ಲವೇ ಎಂದು ಕೇಳಿದ ಮೇಲೆಯೇ ಇದನ್ನು ಬರೆದೆ.

ಓ’ಹಿಗಿನ್ಸ್ ಮತ್ತು ಮಾರ್ಕಿಯೆವಿಚ್ ಅವರ ಸ್ಥಾನಗಳಿಗೆ ಆಗಸ್ಟ್ 24ರಂದು ನಡೆದ ಉಪಚುನಾವಣೆಗಳೆರಡನ್ನೂ ಗೆದ್ದ ಕಾಸ್‌ಗ್ರೇವ್ ಮರುದಿನವೇ ಸದನ ವಿಸರ್ಜಿಸಿದರು. ಸೆಪ್ಟೆಂಬರ್ 15ರ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 62, ಫಿಯಾನಾ ಫಾಯ್ಲ್‌ಗೆ 57 ಸ್ಥಾನಗಳು ಬಂದವು. ಜಾನ್ಸನ್ ಸೋತರು, ಶಿನ್ ಫೇನ್ ಕಣಕ್ಕೇ ಇಳಿಯಲಿಲ್ಲ. ಹಾಜರಿ ಪುಸ್ತಕದ ಹೊಸ ಪುಟ ಈಗ ಭರ್ತಿಯಾಗುತ್ತದೆಂದುಕೊಂಡರೆ, ಡಬ್ಲಿನ್ ಉತ್ತರದಿಂದ ಗೆದ್ದ ಕಾರ್ಮಿಕ ನಾಯಕ ಜೇಮ್ಸ್ ಲಾರ್ಕಿನ್ ದಿವಾಳಿಯಾಗಿದ್ದ ಕಾರಣ ಸದನದಲ್ಲಿ ಕೂರಲು ಅರ್ಹರಾಗಲಿಲ್ಲ. ಆ ಕುರ್ಚಿಯನ್ನು 1928ರ ಏಪ್ರಿಲ್‌ನಲ್ಲಿ ಗೆದ್ದವರು ವಿನ್ಸೆಂಟ್ ರೈಸ್, ಆಗಸ್ಟ್ 16ರಂದು ನ್ಯಾಷನಲ್ ಲೀಗ್ ಬಿಟ್ಟು ಸರ್ಕಾರಕ್ಕೆ ಮತ ಹಾಕಿದ್ದ ಅದೇ ರೈಸ್. ಅದು ನನ್ನ ವರ್ಷಕ್ಕೆ ಸೇರಿದ್ದಲ್ಲವಾದ್ದರಿಂದ, 1928ನ್ನು ಬರೆಯುತ್ತಿದ್ದ ಗೆಳೆಯರಿಗೆ ಚೀಟಿಯಲ್ಲಿ ಬರೆದು ಕೊಟ್ಟೆ.