ಖರೀದಿ ವಿಭಾಗದ ಬಾಗಿಲಿನಿಂದ ಒಳಗೆ ಹೋದೆವು

"ಲೆಕ್ಕ ಹಿಡಿದುಕೊಂಡು ಕಂಪನಿಯ ಒಳಗೆ ಹೋದರೆ ನಯವಾಗಿ ಮಾತಾಡಿ ಸಾಗಹಾಕುತ್ತಾರೆ, ಅಷ್ಟೇ." ಹೀಗಂದವರು ನಮ್ಮ ಬಳಗದವರೇ. ಮಳೆಕಾಡಿನ ಮರದಿಂದ ಮಾಡಿದ ಕಾಗದ ಬಿಡಿ ಅಂತ ನಾವು ಒಂದು ಕಂಪನಿಯ ಬೆನ್ನು ಹತ್ತಿದ್ದೆವು. ಮೂರನೇ ವರ್ಷದಲ್ಲಿ ಆ ಕಂಪನಿಯ ಕ್ಯಾಟಲಾಗ್ ಕಾಗದ ಬದಲಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಅದು ಮನೆಮನೆಗೆ ಕ್ಯಾಟಲಾಗ್ ಕಳಿಸುವ ದೊಡ್ಡ ಚಿಲ್ಲರೆ ಕಂಪನಿ. ಹೆಸರು ಬೇಡ. ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆವು. ಸುಮಾರು 30 ಸಾವಿರ ಸಹಿ ಸಂಗ್ರಹಿಸಿದೆವು, ಎರಡು ಸಲ ಮುಖ್ಯ ಕಚೇರಿಯ ಮುಂದೆ ನಿಂತೆವು. ಸಿಕ್ಕಿದ್ದು ಒಂದು ಪುಟದ ಹೇಳಿಕೆ. ಅದರಲ್ಲಿ "ಸಾಧ್ಯವಾದಷ್ಟು ಮಟ್ಟಿಗೆ" ಅನ್ನುವ ಮಾತು ನಾಲ್ಕು ಕಡೆ ಇತ್ತು, ತಾರೀಖು ಒಂದೂ ಇರಲಿಲ್ಲ. ಒಂದು ಷೇರು ಕೊಂಡು ವಾರ್ಷಿಕ ಸಭೆಗೂ ಹೋದೆ. ಎರಡು ನಿಮಿಷ ಮಾತಾಡಲು ಬಿಟ್ಟರು. "ಗಮನಿಸುತ್ತೇವೆ" ಅಂದರು, ಮುಗಿಯಿತು.

ಬೀದಿ ಹೋರಾಟ ಕೆಲಸ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. 2002ರಲ್ಲಿ ಕಚೇರಿ ಸಾಮಾನು ಮಾರುವ ಅಮೆರಿಕದ ಸ್ಟೇಪಲ್ಸ್ ಕಂಪನಿ ಮಣಿದದ್ದು ಎರಡು ವರ್ಷ ಬಿಡದೆ ಬೆನ್ನು ಹತ್ತಿದ್ದಕ್ಕೆ. ಟಿಶ್ಯೂ ಕಾಗದ ಮಾಡುವ ಕಿಂಬರ್ಲಿ ಕ್ಲಾರ್ಕ್ ವಿರುದ್ಧ ಪರಿಸರ ಸಂಘಟನೆ ಗ್ರೀನ್‌ಪೀಸ್ 2004ರಲ್ಲಿ ಶುರುಮಾಡಿದ್ದು 2009ರಲ್ಲಿ ಮುಗಿಯಿತು. ಆದರೆ ಅಷ್ಟು ವರ್ಷ ಎಳೆಯುವ ಬಲ ನಮಗಿರಲಿಲ್ಲ. ಬಳಗದಲ್ಲಿ ದಿನವೂ ಕೆಲಸ ಮಾಡುತ್ತಿದ್ದವರು ಆರೇ ಜನ.

ಎರಡನೇ ವರ್ಷ ನಾರಿನ ಹಿಂದೆ ಬಿದ್ದೆ. ಮೊದಲು ಫ್ಲೋರೋಗ್ಲುಸಿನಾಲ್ ಅನ್ನುವ ರಾಸಾಯನಿಕ ತಂದು ಕ್ಯಾಟಲಾಗ್ ಹಾಳೆಗಳ ಮೇಲೆ ಹನಿ ಹಾಕಿ ನೋಡಿದೆ. ಮರದ ನಾರನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಅನ್ನುವ ಪದಾರ್ಥ ಕಾಗದದಲ್ಲಿ ಇದ್ದರೆ ಕೆಂಪಾಗುತ್ತದೆ. ಒಳಪುಟಗಳೆಲ್ಲ ಕೆಂಪಾದವು. ಒಂದು ವಾರ ಅದೇ ಖುಷಿಯಲ್ಲಿದ್ದೆ. ಆಮೇಲೆ ಹೊಳೆಯಿತು: ಮರವನ್ನು ಅರೆದು ಮಾಡಿದ ಪಲ್ಪ್ ಇದೆ ಅನ್ನುವುದಷ್ಟೇ ಇದರಿಂದ ತಿಳಿಯುತ್ತದೆ. ಆ ಮರ ಯಾವ ಕಾಡಿನದು ಅಂತ ಬಣ್ಣ ಹೇಳುವುದಿಲ್ಲ. ಅದಕ್ಕೆ ಸೂಕ್ಷ್ಮದರ್ಶಕದ ಪರೀಕ್ಷೆಯೇ ಬೇಕು. ನಾರಿನ ನಡುವೆ ಇರುವ ನಾಳಕೋಶಗಳ (ಮರದಲ್ಲಿ ನೀರು ಸಾಗಿಸುವ ಕೊಳವೆಯಂಥ ಕೋಶಗಳು) ಆಕಾರ ನೋಡಿ, ಇದು ಒಂದೇ ಜಾತಿಯ ನೆಡುತೋಪಿನ ಮರವೋ, ಹಲವು ಜಾತಿಯ ಮಳೆಕಾಡಿನ ಮರವೋ ಅಂತ ಬಲ್ಲವರು ಗುರುತಿಸುತ್ತಾರೆ.

11 ಮಾದರಿ ಕಳಿಸಿದೆವು. ಬಳಗದ ಅರ್ಧ ವರ್ಷದ ಚಂದಾ ಅದಕ್ಕೇ ಹೋಯಿತು. ದೊಡ್ಡ ಜಗಳವೇ ಆಯಿತು. ಇಬ್ಬರು ಬಿಟ್ಟುಹೋದರು, ಅವರಲ್ಲಿ ಒಬ್ಬರು ನನಗೆ ತುಂಬಾ ಬೇಕಾದವರು. ಫಲಿತಾಂಶ ಬಂದಾಗ ಮೂರು ಮಾದರಿಗಳಲ್ಲಿ ಹಲವು ಜಾತಿಯ ಉಷ್ಣವಲಯದ ಮರದ ನಾರು ಸಿಕ್ಕಿತ್ತು.

ಅದನ್ನು ಪತ್ರಿಕೆಗೆ ಕೊಡೋಣ ಅಂದರು ಎಲ್ಲರೂ. ನಾನು ಬೇಡ ಅಂದೆ. ಕಂಪನಿಯಲ್ಲಿ ಕಾಗದದ ಬಗ್ಗೆ ತೀರ್ಮಾನ ಮಾಡುವವರು ಪರಿಸರ ವಿಭಾಗದವರಲ್ಲ, ಪ್ರಚಾರ ವಿಭಾಗದವರೂ ಅಲ್ಲ. ಖರೀದಿ ವಿಭಾಗದವರು. ಅವರ ಕೈ ಬಿಡುವಾಗುವುದು ಪೂರೈಕೆ ಒಪ್ಪಂದ ಮುಗಿಯುವ ಹೊತ್ತಿನಲ್ಲಿ ಮಾತ್ರ. ನಾಲ್ಕು ತಿಂಗಳು ಮೊದಲೇ ಹೋದರೆ ಕೇಳುತ್ತಾರೆ, ಸಹಿ ಬಿದ್ದ ಮೇಲೆ ಹೋದರೆ ದೇವರೇ ಬಂದರೂ ಆಗದು. ಆ ತಾರೀಖು ನಮಗೆ ಹೇಗೆ ಗೊತ್ತಾಯಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಬಳಸಬೇಕಿದೆ.

ಖರೀದಿ ವಿಭಾಗದ ಮೇಜಿನ ಮೇಲೆ ಎರಡು ಕಾಗದ ಇಟ್ಟೆವು. ಒಂದು ಪರೀಕ್ಷೆಯ ವರದಿ, ಇನ್ನೊಂದು ಲೆಕ್ಕ. ಲೆಕ್ಕ ಸರಳ. 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಬದಲು 70 ಹಾಕಿದರೆ ಕಾಗದ ಎಂಟರಲ್ಲಿ ಒಂದು ಪಾಲು ಉಳಿಯುತ್ತದೆ. ಸತ್ತವರಿಗೆ, ಮನೆ ಬಿಟ್ಟವರಿಗೆ ಹೋಗುವ, ಒಬ್ಬರಿಗೇ ಎರಡೆರಡು ಸಲ ಹೋಗುವ ಪ್ರತಿಗಳನ್ನು ನಿಲ್ಲಿಸಿದರೆ ಇನ್ನೊಂದು 15 ಶೇಕಡಾ. ನಾವು ಕೇಳಿದ ಕಾಗದಕ್ಕೆ 10 ಶೇಕಡಾ ಜಾಸ್ತಿ ಬೆಲೆ ಕೊಟ್ಟರೂ, 100 ಖರ್ಚಾಗುವ ಕಡೆ 82 ಸಾಕು. ಅಂಚೆಯ ಉಳಿತಾಯ ಬೇರೆ. ಎದುರಿಗೆ ಕೂತಿದ್ದ ಅಧಿಕಾರಿ ಕ್ಯಾಲ್ಕುಲೇಟರ್ ತೆಗೆದು ತಾವೇ ಗುಣಿಸಿ ನೋಡಿದರು. ನಮ್ಮ ಲೆಕ್ಕ ಸರಿಯಾಗಿತ್ತು. ಆ ಗಳಿಗೆ ನನಗೆ ಈಗಲೂ ಹೆಮ್ಮೆ.

60 ಜಿಎಸ್‌ಎಂಗೇ ಇಳಿಸಬಹುದಾ ಅಂತ ಅವರದೇ ಮುದ್ರಕರ ಹತ್ತಿರ ಪ್ರಯೋಗ ಮಾಡಿಸಿದೆವು. ಹಿಂಬದಿಯ ಚಿತ್ರ ಮುಂದೆ ಕಾಣುತ್ತಿತ್ತು, ಬಿಟ್ಟೆವು. ಕಚೇರಿಯ ಝೆರಾಕ್ಸ್ ಯಂತ್ರಕ್ಕೆ ಮರುಬಳಕೆ ಕಾಗದ ಹಾಕಿದಾಗ ಸಿಕ್ಕಿಕೊಳ್ಳುತ್ತದೆ ಅಂತ ದೂರು ಬಂತು. ಹೋಗಿ ನೋಡಿದರೆ ಬಂಡಲ್ ಒಡೆದು ವಾರಗಟ್ಟಲೆ ತೇವದಲ್ಲಿ ಇಟ್ಟಿದ್ದರು. ಹೊಸ ಬಂಡಲ್ ಒಡೆದು ಹಾಕಿದೆವು, ಸಲೀಸಾಗಿ ಓಡಿತು.

ಒಪ್ಪಂದದ ಮಾತುಗಳಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬಿಡಬೇಡಿ. "ಮರುಬಳಕೆ" ಅಂತ ಸುಮ್ನೆ ಬರೆದರೆ ಗಿರಣಿಯವರು ತಮ್ಮಲ್ಲೇ ಉಳಿದ ಕತ್ತರಿಕೆ ಚೂರನ್ನೂ ಅದರಲ್ಲಿ ಸೇರಿಸಬಹುದು. "ಜನ ಬಳಸಿ ಎಸೆದ ಕಾಗದದಿಂದ 30 ಶೇಕಡಾ" ಅಂತಲೇ ಬರೆಸಿದೆವು. ಉಳಿದದ್ದು ಎಫ್‌ಎಸ್‌ಸಿ, ಅಂದರೆ ಹೊಣೆಯಿಂದ ನೋಡಿಕೊಳ್ಳುವ ಕಾಡಿನ ಮರ ಅಂತ ಪ್ರಮಾಣಪತ್ರ ಪಡೆದದ್ದು. ಅದೂ ಹಾಳೆಯ ಮೇಲಿನ ಮುದ್ರೆ ಸಾಲದು, ಪ್ರತಿ ಇನ್‌ವಾಯ್ಸ್‌ನಲ್ಲಿ ಪ್ರಮಾಣಪತ್ರದ ಸಂಖ್ಯೆ ಇರಬೇಕು. ಮೊದಲ ಆರು ತಿಂಗಳಲ್ಲಿ ಎರಡು ಇನ್‌ವಾಯ್ಸ್ ಸಂಖ್ಯೆ ಇಲ್ಲದೆ ಬಂದವು. ಕಂಪನಿಯವರೇ ಆ ಸರಕನ್ನು ವಾಪಸ್ ಕಳಿಸಿದರು.

ಆ ಪರೀಕ್ಷಾ ವರದಿ ಇವತ್ತಿಗೂ ಹೊರಗೆ ಬಂದಿಲ್ಲ. ಬಿಟ್ಟುಹೋದ ಇಬ್ಬರಲ್ಲಿ ಒಬ್ಬರು ವಾಪಸ್ ಬಂದಿದ್ದಾರೆ. ಈಗ ಅದೇ ಕಂಪನಿಯ ರಟ್ಟಿನ ಡಬ್ಬಗಳನ್ನು ಸಂಗ್ರಹಿಸುತ್ತಿದ್ದೇವೆ. ಅವುಗಳ ಒಪ್ಪಂದ ಮುಗಿಯಲು ಇನ್ನು ಒಂಬತ್ತು ತಿಂಗಳಿದೆ.